ಪಾರ್ಕಿಗೆ ಅನುದಾನ ಕೇಳ್ರಿ, ಆದ್ರೆ ನಮ್ಮವ್ವ ಕುಂದ್ರೋಕೆ ಜಾಗ ಐತಾ ಹೇಳ್ರಿ

ಸ್ವಲ್ಪ ಉದ್ದ ಐತಿ, ಪೂರ್ತಿ ಓದ್ರಿ.

ನಮ್ಮ ಕೊಳಗಲ್ಲಿನಿಂದ ಬಳ್ಳಾರಿಗೆ ಕೂಲಿಗೆ ಹೋಗೋರು ಬೆಳಗಿನ ಬಸ್ಸನ್ನೇ ಹಿಡಿಬೇಕು. ನಮ್ಮವ್ವನೂ ಹಂಗೇ ಹೋಗ್ತಿದ್ಲು. ಎರಡು ವರ್ಷ ಒಂದು ಪಾರ್ಕಿನಲ್ಲಿ ಗುತ್ತಿಗೆದಾರನ ಕೈಕೆಳಗೆ ಕಳೆ ಕಿತ್ತಳು, ಗಿಡಕ್ಕೆ ನೀರು ಬಿಟ್ಟಳು, ಕಸ ಗುಡಿಸಿದಳು. ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚೋದು ಮಾತ್ರ ಕಾಂಪೌಂಡ್ ಹಿಂದಿನ ಮೋಟಾರ್ ಶೆಡ್ ಪಕ್ಕ. ಒಂದು ದಿನ ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕುಂತಿದ್ದಕ್ಕೆ ಮೇಸ್ತ್ರಿ ಬಂದು, "ಏ ಯಮ್ಮಾ, ಏಳು ಏಳು, ಅದು ಪಬ್ಲಿಕ್‌ಗೆ" ಅಂದನಂತೆ. ಅವ್ವ ಇದನ್ನ ಮನೇಲಿ ನಗ್ತಾ ಹೇಳಿದಳು. ಆಮೇಲೆ ನನ್ನನ್ನೇ ಕೇಳಿದಳು: "ಹಂಗಾದ್ರೆ ನಾವು ಯಾರಪ್ಪಾ?"

ಬಳ್ಳಾರಿಯಲ್ಲಿ ಪಾರ್ಕು, ವೃಕ್ಷೋದ್ಯಾನ, ನಗರವನ ಅಂತ ಅನುದಾನ ಕೇಳೋ ಮಾತು ಬಂದಾಗೆಲ್ಲ ನನಗೆ ಮೊದಲು ನೆನಪಾಗೋದು ಆ ಪ್ರಶ್ನೆ.

ಮೊದಲೇ ಹೇಳಿಬಿಡ್ತೀನಿ, ನಾನು ಪಾರ್ಕಿಗೆ ವಿರೋಧಿ ಅಲ್ಲ. ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಮ್ಮ ಜನ ಸುಮ್ಮನೆ ಅನ್ನಲ್ಲ. ಈ ಊರಿಗೆ ನೆರಳು ಬೇಕು. ಮನೇಲಿ ಎಸಿ ಇರೋನಿಗಿಂತ ತಗಡಿನ ಮನೆಯೋನಿಗೆ, ಅಡ್ಡಾದಲ್ಲಿ ಕೆಲಸಕ್ಕೆ ಕಾಯೋನಿಗೆ ಹೆಚ್ಚು ಬೇಕು. ಮಕ್ಕಳ ಉದ್ಯಾನದ ಕಿರು ಮೃಗಾಲಯ ನೋಡೋಕೆ ಹಳ್ಳಿ ಮಕ್ಕಳು ಬರ್ತಿದ್ದರು. ಆ ಪ್ರಾಣಿಗಳು ಕಮಲಾಪುರದ ಹತ್ತಿರದ ಅಟಲ್ ಬಿಹಾರಿ ವಾಜಪೇಯಿ ಜೈವಿಕ ಉದ್ಯಾನಕ್ಕೆ ಹೋದವು. ಪ್ರಾಣಿಗಳಿಗೆ ವಿಶಾಲ ಜಾಗ ಸಿಕ್ಕಿತು, ಒಳ್ಳೇದೇ. ಆದ್ರೆ ಕೂಲಿಯವನ ಮಗು ಹುಲಿ ನೋಡಬೇಕು ಅಂದ್ರೆ ಈಗ ಹೊಸಪೇಟೆ ಕಡೆಗೆ ಬಸ್ ಚಾರ್ಜು ಹೊಂದಿಸಬೇಕು.

ನನ್ನ ತಕರಾರು ಎರಡು. ಒಂದು, ದುಡ್ಡು ಯಾರದು? ಎರಡು, ಗೇಟು ಯಾರಿಗೆ ತೆರೆದಿರುತ್ತೆ?

ದುಡ್ಡಿನ ವಿಷಯಕ್ಕೆ ಬರೋಣ. ಕೇಂದ್ರದ ನಗರವನ ಯೋಜನೆ 2020ರಲ್ಲಿ ಬಂತು. ಹೆಕ್ಟೇರಿಗೆ 4 ಲಕ್ಷ ರೂಪಾಯಿ ಕೊಡ್ತಾರೆ. ಅದು ಬರೋದು ಕ್ಯಾಂಪಾ ನಿಧಿಯಿಂದ. ಕ್ಯಾಂಪಾ ಅಂದ್ರೆ ಗಣಿಗೋ ರಸ್ತೆಗೋ ಕಾಡು ಕೊಟ್ಟಾಗ, ಅದನ್ನ ತಗೊಂಡೋರು ಕಟ್ಟೋ ಪರಿಹಾರದ ಹಣ. ಅಂದ್ರೆ ಎಲ್ಲೋ ಒಂದು ಕಾಡು ಹೋದ ಮೇಲೇ ಸಿಟಿಗೆ ಒಂದು ನಗರವನ. ನಮ್ಮ ಸಂಡೂರಿನ ದೇವದಾರಿಯಲ್ಲಿ ಗಣಿಗಾಗಿ 401 ಹೆಕ್ಟೇರ್ ಅರಣ್ಯ, 99 ಸಾವಿರಕ್ಕೂ ಹೆಚ್ಚು ಮರ ಹೋಗುತ್ತೆ ಅನ್ನೋದು 2024ರಲ್ಲಿ ರಾಜ್ಯವೇ ಮಾತಾಡಿದ ವಿಚಾರ. ಅಲ್ಲಿ ಬೆಟ್ಟದ ಮೇಲೆ ಕೊಡಲಿ, ಇಲ್ಲಿ ಪಾರ್ಕಿನಲ್ಲಿ ಸಸಿ ಹಿಡಿದು ಫೋಟೊ.

ಇನ್ನೊಂದು ಡಿಎಂಎಫ್, ಜಿಲ್ಲಾ ಖನಿಜ ಪ್ರತಿಷ್ಠಾನ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ತಂದು ಮಾಡಿದ್ದು. ಹಳೆ ಗಣಿ ಗುತ್ತಿಗೆಯವರು ರಾಯಲ್ಟಿಯ ಶೇ 30, ಹರಾಜಿನಲ್ಲಿ ಪಡೆದವರು ಶೇ 10 ಇದಕ್ಕೆ ಕಟ್ಟಬೇಕು. ಯಾಕೆ? ಗಣಿಯಿಂದ ನೊಂದ ಜನರಿಗೆ ಮತ್ತು ಊರುಗಳಿಗೆ ಅಂತ. ಕುಡಿಯೋ ನೀರು, ಆರೋಗ್ಯ, ಶಿಕ್ಷಣ, ಪರಿಸರದಂಥ ಆದ್ಯತೆಗಳಿಗೆ ಕನಿಷ್ಠ ಶೇ 60 ಇಡಬೇಕು ಅಂತ 2015ರ ಮಾರ್ಗಸೂಚಿಯಲ್ಲಿತ್ತು. 2024ರಲ್ಲಿ ಅದನ್ನ ಶೇ 70ಕ್ಕೆ ಏರಿಸಿದರು. ಆಟ ನಡಿಯೋದು ಆ 'ಪರಿಸರ' ಅನ್ನೋ ಪದದಲ್ಲೇ. ಪರಿಸರ ಅಂತ ಹಣ ತರೋದು, ಪೇವರ್ ಹಾಕೋದು. ಯಾವುದೇ ಪಾರ್ಕಿನ ಎಸ್ಟಿಮೇಟ್ ತೆಗೆದು ನೋಡ್ರಿ. ಕಮಾನು, ಗ್ರಿಲ್ಲು, ಕಾರಂಜಿ, ಸಿಮೆಂಟ್ ಜಿಂಕೆ, ಸೆಲ್ಫಿ ಪಾಯಿಂಟು. ಗಿಡಕ್ಕೆಷ್ಟು? ಮೂರು ವರ್ಷ ನೀರು ಹಾಕೋ ಕೈಗೆ ಎಷ್ಟು ಕೂಲಿ? ಬೇವು, ಹೊಂಗೆ, ತಂಗಡಿ ಈ ಬಿಸಿಲಿಗೆ ಹುಟ್ಟಿದ ಗಿಡಗಳು. ಅವನ್ನ ಬಿಟ್ಟು ಕೊನೊಕಾರ್ಪಸ್ ಸಾಲು ನೆಟ್ಟರೆ ಹಸಿರು ಕಾಣುತ್ತೆ, ಗುಬ್ಬಿ ಕೂರಲ್ಲ.

ಲಾರಿ ಧೂಳು ತಿಂದೋರು ಸಂಡೂರಿನ ಹಳ್ಳಿಯೋರು. ಸ್ಪಾಂಜ್ ಐರನ್ ಹೊಗೆ ಕುಡಿಯೋರು ಹಲಕುಂದಿ, ವೇಣಿವೀರಾಪುರದ ಕಡೆಯೋರು. ಅವರ ಕೇರಿಯಲ್ಲಿ ಒಂದು ನೆರಳಿನ ಕಟ್ಟೆ ಇಲ್ಲದೆ, ಅವರ ಹೆಸರಿನ ಹಣದಲ್ಲಿ ಸಿಟಿಯ ವಾಕಿಂಗ್ ಟ್ರ್ಯಾಕು ಮಾಡೋದು ಯಾವ ನ್ಯಾಯ?

ಮೂರನೇ ಕಿಸೆ ಒಂದೈತಿ, ಅದು ನಮ್ಮದೇ. ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ 2013ರದ್ದು. ಅದರ 7(ಡಿ) ಕಲಂ ಹಿಡ್ಕೊಂಡು 'ಎಲ್ಲರಿಗೂ ಆಗೋ ಕಾಮಗಾರಿ, ದಲಿತರಿಗೂ ಆಯ್ತಲ್ಲ' ಅಂತ ನಮ್ಮ ಪಾಲಿನ ಹಣವನ್ನ ಎಲ್ಲೆಲ್ಲೋ ಲೆಕ್ಕ ತೋರಿಸಿದರು. ಹೋರಾಟ ಮಾಡಿ ಮಾಡಿ 2023ರಲ್ಲಿ ಆ ಕಲಂ ತೆಗೆಸಿದ್ದಾಯ್ತು. ಕಲಂ ಹೋಯ್ತು, ಚಾಳಿ ಹೋಗಿಲ್ಲ. ನಗರ ಸಂಸ್ಥೆಗಳ ಶೇ 24.10 ಹಣದ ಮೇಲೂ ಕಣ್ಣಿಟ್ಟಿರಬೇಕು.

ಈಗ ಗೇಟಿನ ವಿಷಯ. ಸಿಟಿ ಪಾರ್ಕುಗಳು ವಾಕಿಂಗ್ ಬರೋರ ಗಡಿಯಾರಕ್ಕೆ ತಕ್ಕಂತೆ ಬೆಳಿಗ್ಗೆ ತೆರೆಯುತ್ತವೆ, ಸಂಜೆ ತೆರೆಯುತ್ತವೆ. ಉರಿ ಮಧ್ಯಾಹ್ನ ಬೀಗ. ಜಿಲ್ಲಾಸ್ಪತ್ರೆಗೆ, ಡಿಸಿ ಆಫೀಸಿಗೆ ಕುರುಗೋಡಿನಿಂದ, ಸಿರುಗುಪ್ಪದಿಂದ ಬಂದ ಮುದುಕಿ ಅದೇ ಹೊತ್ತಿಗೆ ನೆರಳು ಹುಡುಕ್ತಾ ಫುಟ್‌ಪಾತ್ ಮೇಲೆ ಕುಂತಿರ್ತಾಳೆ. ಬೋರ್ಡಿನ ಮೇಲೆ 'ಸಾರ್ವಜನಿಕ' ಅಂತ ಇರುತ್ತೆ.

ಬಾಬಾಸಾಹೇಬರು ನಮಗೆ ಕಲಿಸಿದ್ದು ಇದೇ ತಾನೆ? ಮುಂಬೈ ಶಾಸನಸಭೆ 1923ರಲ್ಲಿ ಬೋಳೆ ನಿರ್ಣಯ ಪಾಸು ಮಾಡಿತು, ಸಾರ್ವಜನಿಕ ಜಾಗ ಎಲ್ಲರಿಗೂ ಅಂತ. ಮಹಾಡದ ಪುರಸಭೆ 1924ರಲ್ಲಿ ಚವದಾರ ಕೆರೆ ಅಸ್ಪೃಶ್ಯರಿಗೂ ಮುಕ್ತ ಅಂತ ಬರೆದುಕೊಂಡಿತು. ಕಾಗದದಲ್ಲಿ ಎಲ್ಲ ಸರಿ ಇತ್ತು. ಆದರೂ ಆ ನೀರು ಮುಟ್ಟೋಕೆ 1927ರ ಮಾರ್ಚ್ 20ರಂದು ಸಾವಿರಾರು ಜನ ನಡೆದುಕೊಂಡು ಹೋಗಬೇಕಾಯ್ತು. ನಿರ್ಣಯದಲ್ಲಿ ತೆರೆದ ಗೇಟು ನೆಲದ ಮೇಲೂ ತೆರೆದೈತಾ ಅಂತ ಹೋಗಿ ನೋಡೋದು ನಮ್ಮ ಕೆಲಸ.

ಅದಕ್ಕೇ ಪಾರ್ಕಿಗೆ ಅನುದಾನ ಕೇಳೋ ಪ್ರತಿ ಪ್ರಸ್ತಾವನೆಗೂ ನಾವು ಈ ಐದು ಮಾತು ಕೇಳೋಣ:

1. ಡಿಪಿಆರ್ ಕನ್ನಡದಲ್ಲಿ ಪ್ರಕಟಿಸ್ರಿ. ಯಾವ ನಿಧಿಯಿಂದ ಎಷ್ಟು ಅಂತ ಗೇಟಿನ ಮುಂದೆ ಬೋರ್ಡ್ ಹಾಕ್ರಿ. ಎಸ್‌ಸಿ-ಎಸ್‌ಟಿ ಹಣದ ಒಂದು ಪೈಸೆ ಬೇಡ.

2. ಡಿಎಂಎಫ್ ಹಣ ಆದ್ರೆ, ಮೊದಲು ಗಣಿಬಾಧಿತ ಊರುಗಳ ಕೇರಿಗಳಿಗೆ ನೀರು, ನೆರಳು. ಆಮೇಲೆ ಸಿಟಿ.

3. ಬೇಲಿ ಹಾಕೋ ಮುಂಚೆ, ಆ ಜಾಗದಲ್ಲಿ ಕುರಿ-ಮೇಕೆ ಮೇಯಿಸೋರ, ಪುಳ್ಳೆ ಆರಿಸೋ ಹೆಣ್ಣುಮಕ್ಕಳ ಮಾತು ಕೇಳ್ರಿ.

4. ಪ್ರವೇಶ ಶುಲ್ಕ ಬೇಡ. ಮಧ್ಯಾಹ್ನವೂ ಗೇಟು ತೆರೆದಿರಲಿ. ಕುಡಿಯೋ ನೀರು, ಶೌಚಾಲಯ ಇರಲಿ.

5. ಪಾರ್ಕಿನಲ್ಲಿ ದುಡಿಯೋರಿಗೆ ನೇರ ಸಂಬಳ, ಪಿಎಫ್, ಇಎಸ್‌ಐ. ಉಣ್ಣೋಕೆ ನೆರಳಿರೋ ಜಾಗ.

ಗೆಳೆಯರೇ, ಪಾರ್ಕು ನಮಗೆ ಸಂಬಂಧ ಇಲ್ಲದ ವಿಷಯ ಅಂತ ಬಿಡಬೇಡ್ರಿ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಸಂಗಾತಿಗಳು ನಿಮ್ಮ ಊರಿನ ಪಾರ್ಕಿನ ಎಸ್ಟಿಮೇಟ್ ಕಾಪಿಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕ್ರಿ. ಹತ್ತು ರೂಪಾಯಿ ಖರ್ಚು. ಸಿಕ್ಕಿದ್ದನ್ನ ಇಲ್ಲಿ ಹಂಚ್ಕೊಳ್ರಿ.

ಅವ್ವನಿಗೆ ಈಗ ಮೊಣಕಾಲು ನೋವು, ಕೂಲಿ ಬಿಟ್ಟಿದಾಳೆ. ಮುಂದಿನ ಸಲ ಆಸ್ಪತ್ರೆಗೆ ಕರ್ಕೊಂಡು ಹೋದಾಗ ಅದೇ ಪಾರ್ಕಿಗೆ ಹೋಗ್ತೀವಿ. ತಾನು ನೀರು ಹಾಕಿ ಬೆಳೆಸಿದ ಮರದ ಕೆಳಗೆ, ಅದೇ ಬೆಂಚಿನ ಮೇಲೆ ಕುಂತು ರೊಟ್ಟಿ ಉಣ್ತಾಳೆ. ಏಳು ಅನ್ನೋರು ಬರಲಿ, ಮಾತಾಡೋಣ.

ಜೈ ಭೀಮ್.