ಕಾಳಿನ ಚೀಲ ಕೆಳಗಿಡಿ

ಬೆಳಗಾದರೆ ಚೀಲ ಹೊತ್ತು ತಂದು ಪಾರಿವಾಳಗಳಿಗೆ ಜೋಳ ಚೆಲ್ಲುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕರುಣೆಯ ಮೇಲೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಮೂಕಜೀವಿಯ ಹೊಟ್ಟೆ ತುಂಬಲೆಂದು ಸ್ವಂತ ದುಡ್ಡು ಸುರಿಯುವವರು ನೀವು. ಆದರೆ ಆ ಕಾಳು ಏನು ಮಾಡುತ್ತಿದೆ ಎಂಬುದನ್ನು ದಯವಿಟ್ಟು ಕಣ್ತೆರೆದು ನೋಡಿ.

ಬಂಡೆಯ ಸಂದಿನಲ್ಲಿ ಗೂಡು ಕಟ್ಟುವ ಹಕ್ಕಿ ಪಾರಿವಾಳ. ಊರಿನಲ್ಲಿ ಅದಕ್ಕೆ ಸಜ್ಜಾ, ಕಿಟಕಿ, ಬಾಲ್ಕನಿ ಸಾಕು. ಮೇವಿಗೆ ಕೊರತೆಯಿಲ್ಲದಿದ್ದರೆ ವರ್ಷವಿಡೀ ಮರಿ ಮಾಡುತ್ತದೆ. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿಯ ಪ್ರಕಾರ ಎಷ್ಟೋ ಜಾತಿಗಳ ಸಂಖ್ಯೆ ಇಳಿದಿದೆ, ಪಾರಿವಾಳದ್ದು ಏರಿದೆ. ಹಸಿದವರ ಪಂಕ್ತಿ ಬಿಟ್ಟು ಉಂಡವರ ಎಲೆಗೇ ನಾವು ಮತ್ತೆ ಮತ್ತೆ ಬಡಿಸುತ್ತಿದ್ದೇವೆ.

ಒಣಗಿದ ಹಿಕ್ಕೆಯ ಪುಡಿ, ಗರಿಯ ಧೂಳು ದಿನವೂ ಉಸಿರಲ್ಲಿ ಸೇರಿದರೆ ಕೆಲವರ ಶ್ವಾಸಕೋಶಕ್ಕೆ ಉರಿಯೂತ ಬರುತ್ತದೆ. ಹಾಗೇ ಬಿಟ್ಟರೆ ಶ್ವಾಸಕೋಶ ನಾರುಗಟ್ಟಬಹುದು. ನಾರುಗಟ್ಟಿದ್ದು ಮತ್ತೆ ಮೊದಲಿನಂತಾಗದು. ಹಿಕ್ಕೆಯ ಆಮ್ಲ ಸುಣ್ಣದ ಗಾರೆಯನ್ನೂ ಕಲ್ಲನ್ನೂ ತಿನ್ನುತ್ತದೆ. 2025ರಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಮುಂಬೈನ 51 ಕಬೂತರ್‌ಖಾನೆಗಳನ್ನು ಮುಚ್ಚಲು ಮಹಾರಾಷ್ಟ್ರ ಸರ್ಕಾರ ಹೇಳಿತು. ಅದೇ ವರ್ಷ ನಮ್ಮ ಮೈಸೂರು ಅರಮನೆಯ ಮುಂದೆ ಕಾಳು ಚೆಲ್ಲುವುದಕ್ಕೂ ತಡೆ ಬಿತ್ತು. ಆದೇಶ ಬರುವವರೆಗೂ ಕಾಯುವುದು ನಮ್ಮ ವಿವೇಕಕ್ಕೆ ಒಪ್ಪುತ್ತದೆಯೇ?

ಹಕ್ಕಿಗಳಿಗೂ ಇದರಿಂದ ಕೇಡುಂಟು. ಬ್ರಿಟನ್ನಿನಲ್ಲಿ ಎಷ್ಟೋ ಮನೆಗಳ ಹಿತ್ತಲಲ್ಲಿ ಕಾಳಿನ ತಟ್ಟೆ ತೂಗುತ್ತದೆ. 2005ರಿಂದೀಚೆಗೆ ಅಲ್ಲಿ ಗಂಟಲಿನ ಸೋಂಕೊಂದು ಎಂಜಲಾದ ಕಾಳು, ನೀರಿನ ಮೂಲಕವೂ ಹರಡಿ, ಗ್ರೀನ್‌ಫಿಂಚ್ ಎಂಬ ಪುಟ್ಟ ಹಕ್ಕಿಯ ಸಂತತಿಯನ್ನೇ ಕುಗ್ಗಿಸಿತು. ಉಣಿಸಿದ ಕೈಗಳಲ್ಲಿ ಪ್ರೀತಿಯೇ ಇತ್ತು, ಎಚ್ಚರ ಸಾಲಲಿಲ್ಲ.

ಹಾಗೆಂದು ಹಕ್ಕಿಗೆ ಉಣಿಸುವುದೇ ತಪ್ಪೆಂದು ನಾನು ಹೇಳಲಾರೆ. ಪಿತೃಪಕ್ಷದಲ್ಲಿ ಕಾಗೆಗಿಡುವ ಎಡೆ, ಸುಗ್ಗಿಯಲ್ಲಿ ಗುಬ್ಬಚ್ಚಿಗೆಂದು ಬಾಗಿಲಿಗೆ ಕಟ್ಟುವ ಭತ್ತದ ತೆನೆ ಯಾರ ಉಸಿರನ್ನೂ ಕಟ್ಟಿಲ್ಲ. ಡೈಕ್ಲೊಫೆನಾಕ್ ಎಂಬ ನೋವುನಿವಾರಕ ಸೇರಿದ ದನದ ಹೆಣ ತಿಂದು ರಣಹದ್ದುಗಳು ಅಳಿವಿನಂಚು ಮುಟ್ಟಿದ ಈ ನಾಡಿನಲ್ಲಿ ವಿಷವಿಲ್ಲದ ಆಹಾರ ಒದಗಿಸುವುದು ಅವುಗಳ ಪಾಲಿಗೆ ಜೀವದಾನ. ಯಾರಿಗೆ, ಎಷ್ಟು, ಯಾವಾಗ ಎಂದು ಕೇಳಿಕೊಂಡು ಕೊಟ್ಟದ್ದೇ ದಾನ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಜನರಿಂದ ಇದನ್ನು ಕಲಿಯೋಣ. ಹೆಜ್ಜಾರ್ಲೆಗಳಿಗೆ, ಬಣ್ಣದ ಕೊಕ್ಕರೆಗಳಿಗೆ ಅವರು ಮನೆ ಪಕ್ಕದ ಮರಗಳನ್ನೇ ಬಿಟ್ಟುಕೊಟ್ಟರು. ಗೂಡಿರುವ ಮರದ ಹುಣಸೆ ಫಸಲಿನ ಆಸೆ ಬಿಟ್ಟರು. ಗೂಡಿನಿಂದ ಬಿದ್ದ ಮರಿಗಷ್ಟೇ ಮೀನು ತಿನ್ನಿಸಿ ಸಾಕಿದರು. ಮಿಕ್ಕ ಹಕ್ಕಿಗಳು ಕೆರೆ, ಹೊಳೆಗಳಲ್ಲಿ ತಮ್ಮ ಅನ್ನ ತಾವೇ ಹುಡುಕಿಕೊಂಡವು.

ನಾವೂ ಅಷ್ಟು ಮಾಡಬಲ್ಲೆವು. ಚೆಲ್ಲುವ ಕಾಳನ್ನು ಇಂದಿನಿಂದಲೇ ಇಳಿಸುತ್ತಾ ಬನ್ನಿ, ಕೊನೆಗೆ ನಿಲ್ಲಿಸಿ. ಬೇಸಿಗೆಯಲ್ಲಿ ನೀರಿಡಿ, ಬೋಗುಣಿಯನ್ನು ದಿನವೂ ಉಜ್ಜಿ ತೊಳೆಯಿರಿ. ಗುಬ್ಬಚ್ಚಿಯ ಮರಿ ಬೆಳೆಯುವುದು ಹುಳಹುಪ್ಪಟೆ ತಿಂದು. ಅದಕ್ಕೇ ಕೈತೋಟಕ್ಕೆ ವಿಷ ಹೊಡೆಯಬೇಡಿ. ಕಾಳಿನ ದುಡ್ಡಿನಲ್ಲಿ ಅತ್ತಿ, ನೇರಳೆ, ಹೊಂಗೆಯ ಸಸಿ ನೆಟ್ಟು ಸಾಕಿ. ರಸ್ತೆ ಅಗಲಿಸಲು ಆಲದ ಮರಕ್ಕೆ ಕೊಡಲಿ ಬಿದ್ದ ದಿನ, ಕೆರೆಯಂಗಳಕ್ಕೆ ಮಣ್ಣು ಸುರಿದ ದಿನ, ಪಾರಿವಾಳಕ್ಕಾಗಿ ಮಿಡಿದ ಅದೇ ಕರುಣೆಯಿಂದ ಬೀದಿಗೆ ಬನ್ನಿ, ದನಿಯೆತ್ತಿ. ಹಕ್ಕಿಗಳಿಗೆ ನಮ್ಮ ಭಿಕ್ಷೆ ಬೇಡ. ನಾವು ಕಸಿದುಕೊಂಡ ಜಾಗವನ್ನು ಅವಕ್ಕೆ ಹಿಂದಿರುಗಿಸೋಣ.