ಹೆರದ ತಾಯಿ

ತಾಯಿಯ ಪಾತ್ರ ಬಂದೊಡನೆ ನಮ್ಮ ವಿಮರ್ಶೆ ಕೈಮುಗಿದು ನಿಲ್ಲುತ್ತದೆ. ತ್ಯಾಗಮಯಿ, ಕರುಣಾಮಯಿ, ಸಹನೆಯ ಮೂರ್ತಿ ಎಂಬ ಮಾತುಗಳನ್ನು ವರ್ಷ ವರ್ಷವೂ ಉತ್ತರಪತ್ರಿಕೆಗಳಲ್ಲಿ ಓದುತ್ತಿದ್ದೇನೆ; ಹೇಳಿಕೊಟ್ಟವನೂ ನಾನೇ ಆದ್ದರಿಂದ ದೂರುವಂತಿಲ್ಲ. ಅಜ್ಜಿಯ ಆಸರೆಯಲ್ಲಿ ಬೆಳೆದ ವಿದ್ಯಾರ್ಥಿನಿಯೊಬ್ಬಳು ಒಮ್ಮೆ, “ನಮ್ಮಜ್ಜಿ ಬಯ್ಯದ ದಿನವೇ ಇಲ್ಲ ಸಾರ್, ಅವರನ್ನು ಈ ಮಾತುಗಳಲ್ಲಿ ಹೇಗೆ ಬರೆಯಲಿ?” ಎಂದು ಕೇಳಿದ್ದಳು. ನಾನು ನಕ್ಕು ಪಾಠ ಮುಂದುವರಿಸಿದ್ದೆ.

ಬಿ.ಬಿ.ಸಿ.ಯವರು 2014ರಲ್ಲಿ ಆರಂಭಿಸಿ 2023ರಲ್ಲಿ ಮುಗಿಸಿದ ‘ಹ್ಯಾಪಿ ವ್ಯಾಲಿ’ ಎಂಬ ಟೆಲಿವಿಷನ್ ನಾಟಕವನ್ನು ನೋಡಿದ ಮೇಲೆ ಆ ನಗುವಿಗಾಗಿ ನಾಚಿದೆ. ಇದರ ಕರ್ತೃ ಸ್ಯಾಲಿ ವೈನ್‌ರೈಟ್. ಆಕೆ ಬೆಳೆದ ಯಾರ್ಕ್‌ಷೈರಿನ ಕಾಲ್ಡರ್ ಕಣಿವೆಯಲ್ಲಿಯೇ ಕಥೆ ನಡೆಯುತ್ತದೆ. ‘ಸಂತೋಷದ ಕಣಿವೆ’ ಎಂಬುದು ವ್ಯಂಗ್ಯದ ಹೆಸರು. ಮಾದಕ ವಸ್ತುಗಳ ಹಾವಳಿಯನ್ನು ಕಂಡ ಅಲ್ಲಿಯ ಪೊಲೀಸರ ಬಾಯಲ್ಲಿ ಹುಟ್ಟಿದ್ದಂತೆ. ಕಥಾನಾಯಿಕೆ ಕ್ಯಾಥರೀನ್ ಕೇವುಡ್ ಪೊಲೀಸ್ ಸಾರ್ಜೆಂಟ್. ಅವಳ ಮಗಳು ಬೆಕಿ ಅತ್ಯಾಚಾರಕ್ಕೆ ಒಳಗಾಗಿ, ಗಂಡುಮಗುವನ್ನು ಹೆತ್ತು, ಕೆಲವೇ ವಾರಗಳಲ್ಲಿ ಪ್ರಾಣ ಕಳೆದುಕೊಂಡಳು. ಆ ಮಗು ಗಂಡನಿಗೆ ಬೇಡವಾಯಿತು; ಕ್ಯಾಥರೀನ್ ಬಿಡಲೊಪ್ಪಲಿಲ್ಲ. ಗಂಡ ಹೋದ, ಮಗ ದೂರವಾದ. ಉಳಿದವರು ಹೆರಾಯಿನ್ ಚಟದಿಂದ ಚೇತರಿಸಿಕೊಂಡ ಸೋದರಿ ಕ್ಲೇರ್ ಮತ್ತು ಮೊಮ್ಮಗ ರಯಾನ್.

ಈ ಹುಡುಗನನ್ನು ಅವಳು ಪ್ರೀತಿಸುತ್ತಾಳೆ, ದಿಟ. ಆದರೆ ಅವನು ರೇಗಿದಾಗಲೆಲ್ಲ ಅವಳ ಕಣ್ಣು ಅವನ ಮುಖದಲ್ಲಿ ಅವನ ತಂದೆ ಟಾಮಿ ಲೀ ರಾಯ್ಸನನ್ನು ಹುಡುಕುತ್ತದೆ. ಆ ರಕ್ತ ಈ ಮಗುವಿನಲ್ಲಿ ಎಷ್ಟು ಹರಿದಿದೆ ಎಂಬ ಶಂಕೆ ಅವಳನ್ನು ಬಿಡದು. ವಾತ್ಸಲ್ಯವೂ ಭಯವೂ ಒಂದೇ ನೋಟದಲ್ಲಿ ಕೂಡಿರುವುದನ್ನು ಸಾರಾ ಲ್ಯಾಂಕಾಷೈರ್ ಮಾತಿಲ್ಲದೆ ಅಭಿನಯಿಸಿದ್ದಾರೆ.

ಎರಡನೆಯ ಸರಣಿ 2016ರಲ್ಲಿ ಮುಗಿಯಿತು. ಆಮೇಲೆ ವೈನ್‌ರೈಟ್ ಏಳು ವರ್ಷ ಕಾದರು. ರಯಾನನಾಗಿ ನಟಿಸಿದ ಬಾಲಕ ರೀಸ್ ಕಾನಾ ಅಷ್ಟರಲ್ಲಿ ನಿಜವಾಗಿಯೇ ಬೆಳೆದ. ತಂದೆಯ ವಿಷಯದಲ್ಲಿ ತಾನೇ ತೀರ್ಮಾನಿಸಬಲ್ಲ ಹದಿನಾರರ ಹರೆಯಕ್ಕೆ ಪಾತ್ರವೂ ಬಂದಿತು. ಬರೆಹಗಾರರಲ್ಲಿ ಇಂಥ ತಾಳ್ಮೆ ಅಪರೂಪ. ಕ್ಲೇರ್ ಗುಟ್ಟಾಗಿ ಅವನನ್ನು ಸೆರೆಮನೆಗೆ, ತಂದೆಯ ಭೇಟಿಗೆ ಕರೆದೊಯ್ಯುತ್ತಿದ್ದುದು ತಿಳಿದಾಗ ಕ್ಯಾಥರೀನಳ ಕೋಪ ಮೇರೆ ಮೀರುತ್ತದೆ. ಇಲ್ಲಿ ನಾನು ಅವಳ ಪಕ್ಷ ವಹಿಸಲಾರೆ. ತಂದೆಯನ್ನು ಕಣ್ಣಾರೆ ಕಂಡು ಅಳೆಯುವ ಹಕ್ಕು ಹುಡುಗನಿಗಿತ್ತು. ಅವಳು ತಪ್ಪುವುದನ್ನು ನಾಟಕ ಮರೆಮಾಚುವುದಿಲ್ಲ ಎಂಬುದೇ ನನಗೆ ಹಿಡಿಸಿದ್ದು.

ಬೆಕಿಯ ಸಮಾಧಿಯನ್ನು ಹೆಪ್ಟನ್‌ಸ್ಟಾಲಿನ ಇಗರ್ಜಿಯ ಅಂಗಳದಲ್ಲಿ ತೋರಿಸಿದ್ದಾರೆ. 1963ರಲ್ಲಿ, ಎರಡು ಎಳೆಯ ಮಕ್ಕಳನ್ನು ಬಿಟ್ಟು ತೀರಿಕೊಂಡ ಕವಯಿತ್ರಿ ಸಿಲ್ವಿಯಾ ಪ್ಲಾತ್ ಮಣ್ಣಾಗಿರುವುದೂ ಆ ಊರಿನಲ್ಲಿಯೇ. ಅಲ್ಲಿನ ದೃಶ್ಯಗಳಲ್ಲಿ ನನ್ನ ಮನಸ್ಸು ಕಥೆಯಿಂದಾಚೆಗೂ ಹೋಗಿ ಬರುತ್ತಿತ್ತು.

ಕೊನೆಗೆ ಗಾಯಗೊಂಡ ಟಾಮಿ ಅವಳ ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದಾನೆ. ಮನೆಯ ಭಾವಚಿತ್ರಗಳ ಪುಸ್ತಕದಲ್ಲಿ ಮಗನ ಬಾಲ್ಯವನ್ನು ಕಂಡು, ಅವನನ್ನು ಚೆನ್ನಾಗಿ ಬೆಳೆಸಿದ್ದೀ ಎಂದು ಒಪ್ಪಿ, ಅವಳನ್ನು ಕ್ಷಮಿಸಿದೆನೆನ್ನುತ್ತಾನೆ. ಕ್ಷಮಿಸುವವನು ಅವನು! ನಮ್ಮ ಲೇಖಕನಾಗಿದ್ದರೆ ಅವಳಿಂದಲೂ ಕ್ಷಮೆಯ ಮಾತನ್ನು ಆಡಿಸಿ ಕಣ್ಣೀರು ತರಿಸುತ್ತಿದ್ದನೇನೊ. ಕ್ಯಾಥರೀನ್ ಕರಗುವುದಿಲ್ಲ, ಸಿಡಿಯುತ್ತಾಳೆ. ಅವಳ ಆ ಮುಖವನ್ನು ಕಂಡಾಗ ನನಗೆ ನೆನಪಾದದ್ದು ಆ ವಿದ್ಯಾರ್ಥಿನಿಯ ಅಜ್ಜಿ. ಅವರನ್ನು ನಾನು ನೋಡಿರಲಿಲ್ಲ.