ಪರಿಸರ ಇಂಜಿನಿಯರಿಂಗ್ ಸೀಟು ಬಿಡುವ ಮುಂಚೆ

ಸಿಇಟಿ ಫಲಿತಾಂಶ ಬಂದ ಮೇಲೆ ಸಂಘಗಳಿಗೆ ಹೋದರೆ, ಕರುವಿನ ಭೇದಿಗಿಂತ ಮಕ್ಕಳ ಸೀಟಿನ ವಿಚಾರವನ್ನೇ ತಾಯಂದಿರು ಹೆಚ್ಚು ಕೇಳುತ್ತಾರೆ. "ಪರಿಸರ ಇಂಜಿನಿಯರಿಂಗ್ ಅಂತೆ ಡಾಕ್ಟ್ರೇ, ಗಿಡ ನೆಡೋ ಕೆಲಸಾನಾ? ಬೇಡ ಅಂತಾರೆ ಅವರಪ್ಪ." ನಾನು ದನದ ಡಾಕ್ಟರು, ಇಂಜಿನಿಯರ್ ಅಲ್ಲ. ಆದರೂ ಈ ಓದನ್ನು ಸುಮ್ಮನೆ ತಳ್ಳಿಹಾಕಬಾರದು ಎಂಬುದು ನನ್ನ ಅಭಿಪ್ರಾಯ.

ಇದು ಗಿಡ ನೆಡುವ ಓದಲ್ಲ. ನೀರು, ಕೊಳಚೆ, ಕಸ, ಹೊಗೆಯ ಲೆಕ್ಕದ ಓದು. ನೀವು ಹಾಕಿದ ಹಾಲು ಡೇರಿ ಸೇರಿದ ಮೇಲೆ ಟ್ಯಾಂಕರ್, ಪೈಪು ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಹಾಗೇ ಕೆರೆಗೆ ಬಿಟ್ಟರೆ, ಅದರಲ್ಲಿರುವ ಹಾಲು ಕೊಳೆಯುವಾಗ ಕೆರೆಯ ಆಮ್ಲಜನಕವನ್ನೆಲ್ಲ ಹೀರಿ ಮೀನು ಸಾಯುತ್ತವೆ. ಒಂದು ಲೀಟರ್ ಹಾಲು ಹೀಗೆ ಹೀರುವುದು ಸುಮಾರು 100 ಗ್ರಾಂ ಆಮ್ಲಜನಕ. ಮನೆಯ ಕೊಳಚೆ ನೀರು ಸಾಮಾನ್ಯವಾಗಿ ಲೀಟರಿಗೆ ಅರ್ಧ ಗ್ರಾಂ ಕೂಡ ಹೀರುವುದಿಲ್ಲ. ಅದಕ್ಕೇ ಡೇರಿಗಳಲ್ಲಿ ತ್ಯಾಜ್ಯ ನೀರಿನ ಶುದ್ಧೀಕರಣ ಘಟಕ ಇರುತ್ತದೆ. 1974ರ ಜಲ ಕಾಯ್ದೆಯಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯೂ ಬೇಕು. ಸಕ್ಕರೆ ಕಾರ್ಖಾನೆ, ಔಷಧ ಕಾರ್ಖಾನೆಗಳಿಗೂ ಹೀಗೆಯೇ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲೂ ಇಂಥ ಘಟಕಗಳಿವೆ. ಇವನ್ನು ಕಟ್ಟಲು, ನಡೆಸಲು, ನೀರು ಪರೀಕ್ಷಿಸಲು ಓದಿದವರು ಬೇಕು.

ಸರ್ಕಾರಿ ಕೆಲಸವೂ ಉಂಟು: ಮಂಡಳಿಯಲ್ಲಿ ಪರಿಸರ ಅಧಿಕಾರಿ, ನಗರಸಭೆಗಳಲ್ಲಿ ಪರಿಸರ ಅಭಿಯಂತರರು. ಆದರೆ ಹುದ್ದೆಗಳು ಕಡಿಮೆ, ಸಿವಿಲ್ ಓದಿದವರೂ ಪೈಪೋಟಿಗೆ ಬರುತ್ತಾರೆ. ಅದೊಂದನ್ನೇ ನಂಬಿ ಕೂರಬೇಡಿ. ಖಾಸಗಿಯಲ್ಲಿ ಮೊದಲ ಸಂಬಳ ದೊಡ್ಡದೇನಲ್ಲ. ಸುತ್ತಾಟ ಇದೆ, ವಾಸನೆ ಇದೆ. ವಾಸನೆಗೆ ನಮ್ಮ ಹೆಣ್ಣುಮಕ್ಕಳು ಹೆದರುವವರಲ್ಲ ಬಿಡಿ, ಬೆಳಗಾದರೆ ಕೊಟ್ಟಿಗೆ ಬಾಚಿದವರು.

ನನಗೆ ಹೆಚ್ಚು ಆಸೆ ಇರುವುದು ಸಗಣಿಯ ಮೇಲೆ. ಗುಜರಾತಿನ ಆಣಂದ್ ಜಿಲ್ಲೆಯ ಜಕರಿಯಾಪುರದಲ್ಲಿ ಹೈನುಗಾರ ಮಹಿಳೆಯರೇ ಸಗಣಿ ಸಹಕಾರ ಸಂಘ ಮಾಡಿಕೊಂಡಿದ್ದಾರೆ: ಗ್ಯಾಸು ಒಲೆಗೆ, ಉಳಿದ ಸ್ಲರಿ ಮಾರಾಟಕ್ಕೆ. ಬನಾಸ್ ಡೇರಿ ರೈತರಿಂದ ಸಗಣಿ ಕೊಂಡು ವಾಹನಕ್ಕೆ ಹಾಕುವ ಗ್ಯಾಸು ಮಾಡುತ್ತಿದೆ. ಅದು ನಮ್ಮ ಕಡೆಗೂ ಬಂದರೆ, ಸಗಣಿಯನ್ನೂ ಯಂತ್ರವನ್ನೂ ಬಲ್ಲ ಇಂಜಿನಿಯರ್ ಬೇಕಾಗುತ್ತಾರೆ. ಹೊರಗಿನಿಂದ ಬರುವವರಿಗಿಂತ ನಿಮ್ಮ ಮಗಳೇ ಯಾಕಾಗಬಾರದು?

ಪರಿಸರ ವಿಷಯದಲ್ಲೇ ಬಿ.ಇ. ಇರುವುದು ಮೈಸೂರಿನ ಎಸ್‌ಜೆಸಿಇಯಂಥ ಕೆಲವೇ ಕಾಲೇಜುಗಳಲ್ಲಿ. ಸಿವಿಲ್ ಮಾಡಿ ಎಂ.ಟೆಕ್‌ಗೆ ಪರಿಸರ ತೆಗೆದುಕೊಂಡರೆ ಎರಡೂ ಬಾಗಿಲು ತೆರೆದಿರುತ್ತವೆ. ಗೇಟ್ ಪರೀಕ್ಷೆಯಲ್ಲಿ 2021ರಿಂದ ಪರಿಸರಕ್ಕೇ ಪ್ರತ್ಯೇಕ ಪತ್ರಿಕೆ ಇದೆ. ಕೆಮಿಸ್ಟ್ರಿ ಎಂದರೆ ಓಡುವ ಹುಡುಗಿಗೆ ಮಾತ್ರ ಇದು ಬೇಡ. ಆಪ್ಷನ್ ಹಾಕುವ ಮುಂಚೆ ಡೇರಿಯ ಶುದ್ಧೀಕರಣ ಘಟಕವನ್ನು ಅವಳಿಗೆ ಒಮ್ಮೆ ತೋರಿಸಿ. ನಿಮ್ಮ ಸಂಘದ ಕಾರ್ಯದರ್ಶಿಯ ಮೂಲಕ ಒಕ್ಕೂಟವನ್ನು ಕೇಳಿ ನೋಡಿ.